ಮಾಳಿಗೆಯಲ್ಲಿ ಹಾಡಿದವರು

ಸೆಪ್ಟೆಂಬರ್ 2, ಶನಿವಾರ

ಪಾಸ್ಟರಮ್ಮ ಇವತ್ತು ಸೀದಾ ಕನ್ನಡಕದ ಅಂಗಡಿಗೇ ಬಂದರು. ಗಿರಾಕಿಯೊಬ್ಬರ ಫ್ರೇಮನ್ನು ಬಿಸಿ ಮಾಡಿ ಕಿವಿಯ ಹತ್ತಿರ ಬಗ್ಗಿಸುತ್ತಿದ್ದೆ. ಕೈ ಖಾಲಿಯಾಗುವವರೆಗೂ ಕಾಯುವವರ ಪೈಕಿ ಅವರಲ್ಲ. "ಮುಂದಿನ ತಿಂಗಳು ಹಾಡಿನ ಮೇಷ್ಟ್ರಿಗೆ ಎಂಬತ್ತು ತುಂಬುತ್ತೆ. ಹಳೇ ಗಾಯನ ಮಂಡಳಿಯವರೆಲ್ಲ ಸೇರಿ ಒಂದು ಸಲ ಅವರ ಮುಂದೆ ಹಾಡಬೇಕು. ಶನಿವಾರ ಮಧ್ಯಾಹ್ನ ಅಭ್ಯಾಸ. ನೀನು ಇಲ್ಲ ಅನ್ನಬೇಡ," ಅಂದರು.

ಇಲ್ಲ ಅನ್ನುವ ಹಾಗೆ ಅವರು ಯಾವತ್ತು ತಾನೆ ಕೇಳಿದ್ದಾರೆ. ಯಾರ್ಯಾರು ಬರ್ತಾರೆ ಅಂದೆ. ಬೆರಳು ಮಡಿಸುತ್ತಾ ಹೇಳಿಕೊಂಡು ಹೋದರು. ಅರ್ಧ ಜನ ಊರಲ್ಲಿಲ್ಲ, ಕೆಲವರು ಭೂಮಿಯ ಮೇಲೇ ಇಲ್ಲ. ಕೊನೆಗೆ, "ಸೀಟಿನೂ ಬಂದಿದ್ದಾನೆ. ಅವರಮ್ಮ ಹೋದ್ರಲ್ಲ, ಮನೆ ಮಾರೋಕೆ ಅಂತ ಬಂದಿದ್ದಾನೆ," ಅಂದರು.

ಫ್ರೇಮು ಬೇಕಾದ್ದಕ್ಕಿಂತ ಜಾಸ್ತಿ ಬಗ್ಗಿತು. ಮತ್ತೆ ಬಿಸಿ ಮಾಡಬೇಕಾಯಿತು.

ಶಿಳ್ಳೆ ಹಾಕದೆ ನಾಲ್ಕು ಹೆಜ್ಜೆ ನಡೆಯಲು ಬಾರದವನು, ಅದಕ್ಕೇ ಸೀಟಿ. ಒಂದು ಸಲ ಚರ್ಚಿನಲ್ಲಿ ಪಾಸ್ಟರ ಪ್ರಸಂಗದ ನಡುವೆ ಮೈಮರೆತು ಶಿಳ್ಳೆ ಹಾಕಿ ಮೇಷ್ಟ್ರ ಕೈಯಲ್ಲಿ ಬೆನ್ನಿಗೆ ತಿಂದಿದ್ದ. ಆಮೇಲೆ ಹಡಗಿನ ಇಂಜಿನ್ ಕೆಲಸಕ್ಕೆ ಅಂತ ಹೋದವನು ಅಪ್ಪನ ಮಣ್ಣಿಗೂ ಬಂದಿರಲಿಲ್ಲ.

ಈ ಪುಸ್ತಕ ಕಳೆದ ವರ್ಷ ಮಗಳು ಕೊಟ್ಟಿದ್ದು. ಇಷ್ಟು ದಿನ ಬರೆಯಲು ಏನೂ ಇರಲಿಲ್ಲ.

ಸೆಪ್ಟೆಂಬರ್ 9, ಶನಿವಾರ

ಚರ್ಚಿನ ಮಾಳಿಗೆಯ ಮೆಟ್ಟಿಲು ಹತ್ತಿದ್ದೇ ತಡ, ಆ ವಾಸನೆ. ಕರಗಿದ ಮೇಣ, ಹಳೇ ಮರ, ಸ್ವಲ್ಪ ಇಲಿ. ಚರ್ಚಿಗೆ ಪ್ರತಿ ಭಾನುವಾರ ಹೋಗುತ್ತೇನೆ, ಆದರೆ ಕೆಳಗೆ ಕೂರುತ್ತೇನೆ. ಮದುವೆಯಾದಾಗಿನಿಂದ ಮೇಲೆ ಹತ್ತಿಯೇ ಇರಲಿಲ್ಲ.

ಎಂಟು ಜನ ಸೇರಿದೆವು. ಹಾಡಿನ ಹಾಳೆ ಹಂಚಿದ ಕೂಡಲೇ ಎಲ್ಲರೂ ಅದನ್ನು ಕೈಯುದ್ದ ದೂರ ಹಿಡಿದರು. ಪಾಸ್ಟರಮ್ಮ ನೋಡಿ, "ಇದೇನ್ರಪ್ಪ, ಹಾಡ್ತೀರೋ ಬಟ್ಟೆ ಒಣಗ ಹಾಕ್ತೀರೋ," ಅಂದರು. ನಕ್ಕು ನಕ್ಕು ಸಾಕಾಯಿತು. ಸೀಟಿ ನನ್ನ ಕಡೆ ತಿರುಗಿ, "ಕನ್ನಡಕದ ಅಂಗಡೀಲಿ ಇದ್ದೀಯಂತೆ. ನನಗೂ ಒಂದು ಚಾಳೀಸು ಮಾಡಿಕೊಡು," ಅಂದ. ತಲೆ ಬೆಳ್ಳಗಾಗಿದೆ. ಸ್ವರ ಮಾತ್ರ ಒಂದಿಷ್ಟೂ ಕೆಟ್ಟಿಲ್ಲ. ಮೊದಲ ಸಾಲು ಅವನು ಎತ್ತಿಕೊಂಡಾಗ ನನ್ನ ಕೈಯ ರೋಮ ಎದ್ದು ನಿಂತಿತು.

ನಾನು ಎರಡನೇ ಸ್ವರದವಳು. ಅವನ ಸ್ವರದ ಕೆಳಗೆ ಒರಗಿಕೊಂಡು ಹೋಗಬೇಕು. ಕಲಿತದ್ದು ಮರೆತಿದ್ದೇನೆ ಅಂದುಕೊಂಡಿದ್ದೆ, ಗಂಟಲಿಗೆ ನೆನಪಿತ್ತು.

ನನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ ಇದೇ ಮೆಟ್ಟಿಲ ತಿರುವಿನಲ್ಲಿ ಅವನು ನನ್ನ ಸೊಂಟದ ಮೇಲೆ ಕೈ ಇಟ್ಟಿದ್ದ. ಅಷ್ಟೇ. ಮುಖ ಹತ್ತಿರ ಬಂತು, ಅಷ್ಟರಲ್ಲಿ ಕೆಳಗಿಂದ ಮೇಷ್ಟ್ರು ಕರೆದರು. ಆ ತಿಂಗಳೇ ಅವನು ಹೊರಟುಹೋದ. ಯಾರಿಗೂ ಹೇಳಿಲ್ಲ. ಹೇಳುವಂಥದ್ದು ಏನಿತ್ತು. ಆದರೂ ಇವತ್ತು ಇಳಿಯುವಾಗ ಆ ತಿರುವಿನಲ್ಲಿ ಗೋಡೆ ಹಿಡಿದುಕೊಂಡು ನಿಂತೆ.

ಮನೆಯಲ್ಲಿ ಇವರು ಊಟ ಮಾಡಿ ಮಲಗಿದರು.

ಸೆಪ್ಟೆಂಬರ್ 12, ಮಂಗಳವಾರ

ಅವನು ಅಂಗಡಿಗೆ ಬಂದ. ಅಂಗಡಿಯ ಯಜಮಾನರು ಊಟಕ್ಕೆ ಹೋಗಿದ್ದರು.

ದಿನಕ್ಕೆ ಇಪ್ಪತ್ತು ಜನರ ಕಣ್ಣಿನ ಅಳತೆ ತೆಗೆಯುವವಳು ನಾನು. ಎದುರಿಗೆ ಕೂತು, ಮೂಗಿನ ಮೇಲೆ ಪಟ್ಟಿ ಇಟ್ಟು, ಪಾಪೆಯಿಂದ ಪಾಪೆಗೆ ಎಷ್ಟು ದೂರ ಅಂತ ನೋಡುವುದು. ಯಾರ ಉಸಿರು ತಾಕಿದರೂ ಏನೂ ಅನ್ನಿಸುವುದಿಲ್ಲ, ಈರುಳ್ಳಿ ತಿಂದು ಬಂದವರನ್ನು ಬಿಟ್ಟರೆ. ಇವತ್ತು ಪಟ್ಟಿ ಇಟ್ಟರೆ ಗೆರೆ ಒಂದು ಕಡೆ ನಿಲ್ಲಲಿಲ್ಲ. "ನನ್ನನ್ನೇ ನೋಡು, ಅಲ್ಲಾಡಬೇಡ," ಅಂದೆ. "ಅಲ್ಲಾಡ್ತಿರೋದು ನೀನು," ಅಂದ.

ಎರಡು ಸಲ ಅಳತೆ ತಪ್ಪಿತು. ಮೂರನೇ ಸಲ ಬೇಕಂತಲೇ ತೆಗೆದೆನೇನೋ.

ಅವನ ಹೆಂಡತಿ ಬಿಟ್ಟು ಹೋಗಿ ಆರೇಳು ವರ್ಷವಾಯಿತಂತೆ. ಬಂದರಿನಿಂದ ಬಂದರಿಗೆ ಹೋಗುವವನ ಜೊತೆ ಯಾರು ತಾನೆ ಇರ್ತಾರೆ ಅಂತ ಅವನೇ ಅಂದ. ಅಮ್ಮನ ಕೊನೆಗಾಲಕ್ಕೆ ತಲುಪಲಾಗಲಿಲ್ಲ ಅನ್ನುವಾಗ ಮಾತ್ರ ಮೇಜಿನ ಮೇಲಿದ್ದ ಖಾಲಿ ಫ್ರೇಮೊಂದನ್ನು ಎತ್ತಿ ಮಡಚಿ ಬಿಚ್ಚಿ ಮಾಡಿದ.

ಸೆಪ್ಟೆಂಬರ್ 13, ಬುಧವಾರ

ಕರ್ತನೇ, ಇದನ್ನು ನನ್ನಿಂದ ತೆಗೆದುಬಿಡು ಅಂತ ಬೆಳಗ್ಗೆ ಪ್ರಾರ್ಥನೆ ಮಾಡಿದೆ. ಮಾಡುತ್ತಿರುವಾಗಲೇ ತೆಗೆಯದಿದ್ದರೆ ಒಳ್ಳೆಯದು ಅನ್ನಿಸಿತು. ಇಂಥ ಪ್ರಾರ್ಥನೆಯನ್ನು ದೇವರು ಯಾವ ಕಡೆಯಿಂದ ಕೇಳಿಸಿಕೊಳ್ಳಬೇಕು.

ಸೆಪ್ಟೆಂಬರ್ 16, ಶನಿವಾರ

ಅಭ್ಯಾಸ ಮುಗಿದ ಮೇಲೆ ಅವನು ನನ್ನ ಜೊತೆ ನಡೆದು ಬಂದ. ಹಳೇ ದಾರಿಯಲ್ಲೇ ಹೋಗೋಣ ಅಂದ. ಹಳೇ ದಾರಿ ಅಂದರೆ ಶಾಲೆಯ ಹಿಂದಿನ ಗೋಡೆ, ಬೀಗ ತಿದ್ದುವವನ ಅಂಗಡಿ, ನೀರಿನ ತೊಟ್ಟಿ. ಬೀಗದ ಅಂಗಡಿ ಈಗ ಮೊಬೈಲ್ ಅಂಗಡಿ. ತೊಟ್ಟಿ ಇದೆ. "ಇಲ್ಲೇ ಅಲ್ವಾ ನಿನ್ನ ಚಪ್ಪಲಿ ಬಿದ್ದಿದ್ದು?" ಅಂದ. ಅದು ನನಗೇ ಮರೆತುಹೋಗಿತ್ತು. ನಾನು ಮರೆತ ನನ್ನನ್ನು ಇಷ್ಟು ವರ್ಷ ಜೋಪಾನ ಮಾಡಿದವನೊಬ್ಬ ಸಿಕ್ಕರೆ ಏನು ಮಾಡಬೇಕು.

ನಮ್ಮ ಮನೆಯ ತಿರುವಿಗೆ ಬಂದಾಗ ಶಿಳ್ಳೆ ನಿಲ್ಲಿಸಿದ. ಮುಚ್ಚಿಡುವಂಥದ್ದು ಇಲ್ಲದಿದ್ದರೆ ಯಾಕೆ ನಿಲ್ಲಿಸಬೇಕು.

ಮನೆಯ ಕೆಳಗಿನ ಕಾರ್ಖಾನೆಯಲ್ಲಿ ಇವರು ಸೋಫಾ ಒಂದನ್ನು ಬಿಚ್ಚಿ ಹಾಕಿಕೊಂಡು ಕೂತಿದ್ದರು. ಬಾಯಲ್ಲಿ ಮೊಳೆ. ತುಟಿಯ ಸಂದಿಯಿಂದ ಒಂದೊಂದೇ ತೆಗೆದು ಹೊಡೆಯುತ್ತಾರೆ. ಇವರ ಜೊತೆ ಸಂಸಾರ ಮಾಡಿದ ವರ್ಷಗಳಲ್ಲಿ ಅರ್ಧದಷ್ಟು ಕಾಲ ಮೊಳೆಯ ಜೊತೆಗೇ ಮಾತಾಡಿದ್ದೇನೆ. "ಹೇಗಾಯ್ತು?" ಅಂತ ಹುಬ್ಬಿನಲ್ಲೇ ಕೇಳಿದರು. ಚೆನ್ನಾಗಾಯ್ತು ಅಂದೆ.

ಸೆಪ್ಟೆಂಬರ್ 21, ಗುರುವಾರ

ಕನಸಿನ ಬಗ್ಗೆ ಬರೆಯುವುದಿಲ್ಲ. ಮಗಳು ಯಾವತ್ತಾದರೂ ಇದನ್ನು ತೆಗೆದು ಓದಿದರೆ. ನರ್ಸಿಂಗ್ ಕಲಿಯುತ್ತಿರುವವಳಿಗೆ ಮೈಯ ವಿಷಯ ನನಗಿಂತ ಚೆನ್ನಾಗಿ ಗೊತ್ತಿರಬಹುದು, ಆದರೂ.

ನಲವತ್ತೈದಕ್ಕೆ ಇದೆಲ್ಲ ಅಡಗಿರುತ್ತದೆ ಅಂದುಕೊಂಡಿದ್ದೆ. ಒಗೆದ ಹಾಸಿಗೆಯ ಬಟ್ಟೆ ಮಡಿಸುತ್ತಾ ನಿಂತಿದ್ದವಳು ಮಡಿಸುವುದು ಬಿಟ್ಟು ಎಷ್ಟು ಹೊತ್ತು ನಿಂತಿದ್ದೆನೋ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.

ಸೆಪ್ಟೆಂಬರ್ 23, ಶನಿವಾರ

ಕನ್ನಡಕ ಕೊಟ್ಟೆ. ಹಾಕಿಕೊಂಡು ಹಾಳೆ ನೋಡಿ, "ಅಯ್ಯೋ, ಇಷ್ಟು ದಿನ ತಪ್ಪು ಪದ ಹಾಡ್ತಿದ್ದೆ," ಅಂದ. ಎಲ್ಲರೂ ನಕ್ಕರು.

ಹೊರಡುವಾಗ ಮೆಲ್ಲಗೆ, "ಗುರುವಾರ ಮನೆ ಖಾಲಿ ಮಾಡ್ತಾರೆ. ಬುಧವಾರ ಮಧ್ಯಾಹ್ನ ಬಾ. ಅಮ್ಮನದು ಏನಾದರೂ ನಿನಗೆ ಬೇಕಾದ್ರೆ ತಗೋ. ನಿನ್ನ ಕಂಡ್ರೆ ಅವಳಿಗೆ ಇಷ್ಟ ಇತ್ತು," ಅಂದ.

ಅಮ್ಮನ ಪಾತ್ರೆ ಸಾಮಾನಿಗೋಸ್ಕರ ಕರೆಯುತ್ತಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ನೋಡ್ತೀನಿ ಅಂದೆ. ನೋಡ್ತೀನಿ ಅಂದರೆ ಬರ್ತೀನಿ ಅಂತ.

ಸೆಪ್ಟೆಂಬರ್ 26, ಮಂಗಳವಾರ

ಯಜಮಾನರ ಹತ್ತಿರ ನಾಳೆ ಅರ್ಧ ದಿನ ರಜ ಕೇಳಿದೆ. ಹಲ್ಲು ನೋವು ಅಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು. ಸಂಜೆ ಇವರು, "ಯಾವ ಹಲ್ಲು?" ಅಂದರು, ಅಂಗಡಿಯಿಂದ ಯಾರೋ ಹೇಳಿರಬೇಕು. ಲವಂಗ ತಂದು ಕೊಟ್ಟರು. ಬಾಯಲ್ಲಿಟ್ಟುಕೊಂಡು ಕೂತೆ, ನೋವಿಲ್ಲದ ಹಲ್ಲಿಗೆ.

ಸೆಪ್ಟೆಂಬರ್ 27, ಬುಧವಾರ

ಹೋದೆ.

ಗೋಡೆಯ ಮೇಲೆ ಫೋಟೋ ಇದ್ದ ಕಡೆಯೆಲ್ಲ ಬಿಳಿ ಚೌಕ. ಮಂಚ ಬಿಚ್ಚಿ ಒರಗಿಸಿದ್ದರು. ಉಳಿದಿದ್ದ ಎರಡು ಲೋಟದಲ್ಲಿ ಚಹಾ ಮಾಡಿದ. ಕಿಟಕಿಯ ಕಟ್ಟೆಯ ಮೇಲೆ ಕೂತು ಹಳೇದೆಲ್ಲ ಮಾತಾಡಿದೆವು. ಮೇಷ್ಟ್ರು ಕೋಲಿನಿಂದ ಮಾಳಿಗೆಯ ಕಂಬಿ ಬಡಿಯುತ್ತಿದ್ದದ್ದು, ಉಪವಾಸದ ದಿನ ನಾನು ಹಾಡುತ್ತಾ ಹಾಡುತ್ತಾ ತಲೆಸುತ್ತಿ ಬಿದ್ದದ್ದು. ಬಿಸಿಲು ಅವನ ಮೊಣಕಾಲಿನ ಮೇಲೆ ಬಿದ್ದಿತ್ತು. ಇಷ್ಟು ಸಂತೋಷ ನನಗೆ ಯಾವ ಕಾಲಕ್ಕೆ ಆಗಿತ್ತೋ ಗೊತ್ತಿಲ್ಲ. ಅದು ಸುಳ್ಳಲ್ಲ, ಬರೆಯದೆ ಇದ್ದರೆ ಸುಳ್ಳಾಗುತ್ತದೆ.

ಅವನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. "ಇದಿಲ್ಲದಿದ್ರೆ ನೀನು ಅದೇ ಹುಡುಗಿ," ಅಂದ. ಮುತ್ತು ಕೊಟ್ಟ. ನಾನೂ ಕೊಟ್ಟೆ. ಒಂದಲ್ಲ. ಅವನ ಕೈ ಬೆನ್ನ ಮೇಲೆ ಬಂದಾಗ ಮೈಯೆಲ್ಲ ಹೂಂ ಅಂದಿತು. ಕರ್ತನೇ ಅಂತ ಮನಸ್ಸಿನಲ್ಲಿ ಅಂದೆ, ಮುಂದಿನ ಮಾತು ಬರಲಿಲ್ಲ.

ಅವನು ಕಿವಿಯ ಹತ್ತಿರ, "ನೀನು ಒಂಚೂರೂ ಬದಲಾಗಿಲ್ಲ," ಅಂದ. ಯಾಕೋ ಆ ಮಾತು ಒಳಗೆ ಇಳಿಯಲಿಲ್ಲ. ನನ್ನ ಹೊಟ್ಟೆಯ ಮೇಲೆ ಮಗಳನ್ನು ತೆಗೆದ ಗಾಯದ ಗೆರೆ ಇದೆ, ಅವನ ಬೆರಳು ಅದರಿಂದ ಸ್ವಲ್ಪವೇ ದೂರದಲ್ಲಿತ್ತು.

"ನನಗೆ ಮಕ್ಕಳಿದ್ದಾರಾ ಇಲ್ವಾ, ನೀನು ಒಂದು ಸಲಾನೂ ಕೇಳಿಲ್ಲ," ಅಂದೆ.

ಅವನು ತಬ್ಬಿಬ್ಬಾದ. "ಇದ್ದಾರಾ?" ಅಂದ.

ಮಗಳಿದ್ದಾಳೆ ಅಂದೆ. ಎದ್ದು ಸೆರಗು ಸರಿ ಮಾಡಿಕೊಂಡೆ. ಕೈ ಹಿಡಿದುಕೊಂಡು, "ಹೋಗಬೇಡ. ಯಾರಿಗೆ ಗೊತ್ತಾಗುತ್ತೆ?" ಅಂದ. ಅವನ ಕಣ್ಣಲ್ಲಿ ನೀರಿತ್ತು. ಅವನು ಕೆಟ್ಟವನಲ್ಲ. ಖಾಲಿ ಮನೆಯಲ್ಲಿ ಒಬ್ಬನೇ ಇರುವ ಮನುಷ್ಯ. ಬಿಡು ಅಂದೆ. ಬಿಟ್ಟ. ಬೀದಿಯಲ್ಲಿ ನಿಂತಾಗ ವಾಪಸು ಹೋಗಬೇಕು ಅನ್ನಿಸಿತು. ಮನೆಗೆ ಬರುವವರೆಗೂ ಅನ್ನಿಸುತ್ತಲೇ ಇತ್ತು.

ಸೆಪ್ಟೆಂಬರ್ 28, ಗುರುವಾರ

ಗೆದ್ದೆ ಅಂತ ಅನ್ನಿಸಬೇಕಿತ್ತು. ಏನೋ ಕಳಕೊಂಡವಳ ಹಾಗೆ ಕೂತಿದ್ದೇನೆ.

ಅಕ್ಟೋಬರ್ 1, ಭಾನುವಾರ

ಇವತ್ತು ಕರ್ತನ ಭೋಜನ. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಸಾಲು ಎದ್ದಾಗ ನಾನು ಏಳಲಿಲ್ಲ. ಇವರು ನನ್ನ ಮೊಣಕಾಲು ದಾಟಿಕೊಂಡು ಹೋದರು, ವಾಪಸು ಬಂದು ಕೂತರು.

ಪಾಸ್ಟರಮ್ಮ ಬಿಡುತ್ತಾರೆಯೇ. ಪಾತ್ರೆ ತೊಳೆಯುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ, "ಏನಾಯ್ತು, ಹೇಳು," ಅಂದರು. ಎಲ್ಲ ಹೇಳಿದೆ, ಹೆಸರೊಂದು ಬಿಟ್ಟು. ಅವರಿಗೆ ಹೆಸರು ಬೇಕಿರಲಿಲ್ಲ.

"ದೇವರ ಹತ್ರ ಹೇಳಿದೀಯಾ?"

"ದಿನಾ ಹೇಳ್ತಿದೀನಿ ಅಮ್ಮಾ. ಕ್ಷಮಿಸು ಅಂತ. ಆದ್ರೂ ಮನಸ್ಸು ಹಗುರ ಆಗ್ತಿಲ್ಲ."

ಪಾಸ್ಟರಮ್ಮ ಲೋಟ ಒರೆಸುತ್ತಾ, "ದೇವರಿಗೆ ನೀನು ಹೇಳೋ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇರೋನು ನಿನ್ನ ಗಂಡ," ಅಂದರು.

ಅಕ್ಟೋಬರ್ 2, ಸೋಮವಾರ

ಹೇಳಿದೆ.

ಕೆಲಸದಿಂದ ಬಂದವಳು ಮೇಲೆ ಹೋಗದೆ ಕಾರ್ಖಾನೆಗೇ ಹೋದೆ. ಮೇಲೆ ಹೋದರೆ ಹೇಳುವುದಿಲ್ಲ ಅಂತ ಗೊತ್ತಿತ್ತು. ಇವರು ಮೇಷ್ಟ್ರ ಕುರ್ಚಿ ಬಿಚ್ಚಿ ಕೂತಿದ್ದರು. ಹಾಡುವ ದಿನ ನಡೆಯಲಾಗದ ಮೇಷ್ಟ್ರನ್ನು ಅವರ ಕುರ್ಚಿಯಲ್ಲೇ ಕೂರಿಸಿ ಎತ್ತಿಕೊಂಡು ಬರಬೇಕೆಂದು ಪಾಸ್ಟರಮ್ಮ ಅದನ್ನು ರಿಪೇರಿಗೆ ಕಳಿಸಿದ್ದಾರೆ. ನಾನು ಮಾತು ಶುರು ಮಾಡಿದಾಗ ಇವರು ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡರು.

ಮುಗಿಯುವವರೆಗೂ ಕೇಳಿದರು. ಆಮೇಲೆ, "ಎಲ್ಲೀವರೆಗೆ ಹೋಯ್ತು?" ಅಂದರು. ಹೇಳಿದೆ.

"ಮುಗೀತಾ?"

"ನಾನು ಎದ್ದು ಬಂದೆ ರೀ. ಮನಸ್ಸು ಇನ್ನೂ ಪೂರ್ತಿ ಬಂದಿಲ್ಲ."

"ಅದನ್ನೂ ಹೇಳಲೇಬೇಕಿತ್ತಾ?"

"ಅರ್ಧ ಹೇಳಿದ್ರೆ ಮತ್ತೆ ಸುಳ್ಳೇ ಆಗ್ತಿತ್ತು."

ಇವರು ಅಂಗೈಯನ್ನೇ ನೋಡುತ್ತಾ ಕೂತರು. "ಹಲ್ಲು ನೋವು ಅಂದಿದ್ಯಲ್ಲ, ಲವಂಗ ತಂದೆ ನಾನು," ಅಂದರು. ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ.

ದಿಂಬು ತೆಗೆದುಕೊಂಡು ಕೆಳಗೆ ಹೋಗಿದ್ದಾರೆ. ಯಾರದ್ದೋ ಅರ್ಧ ಹೊಲಿದ ಸೋಫಾದ ಮೇಲೆ ಮಲಗುತ್ತಾರೆ.

ಅಕ್ಟೋಬರ್ 5, ಗುರುವಾರ

ಊಟಕ್ಕೆ ಬರುತ್ತಾರೆ. ಉಪ್ಪು ಕೊಡು ಅನ್ನುತ್ತಾರೆ. ಮಗಳು ಫೋನ್ ಮಾಡಿದರೆ ಇಬ್ಬರೂ ನಗುತ್ತಾ ಮಾತಾಡುತ್ತೇವೆ.

ಬೆಳಗ್ಗೆ ಅವರ ಕನ್ನಡಕ ಒರೆಸಿದೆ. ಎಡಗಡೆಯ ಲೆನ್ಸಿನ ತುಂಬ ಗೀಚು. ದಿನಾ ಊರವರ ಕಣ್ಣು ನೋಡುವವಳು ಇದನ್ನು ನೋಡಿಲ್ಲ. ಅಂಗಡಿಗೆ ಒಯ್ದು ಬದಲಾಯಿಸಿ ತಂದಿಟ್ಟೆ. ಹಾಕಿಕೊಂಡು ಕೆಳಗೆ ಹೋದರು.

ಅಕ್ಟೋಬರ್ 7, ಶನಿವಾರ

ಅಭ್ಯಾಸಕ್ಕೆ ಹೋಗುವುದಿಲ್ಲ ಅಂದೆ. "ಮೇಷ್ಟ್ರು ಏನು ತಪ್ಪು ಮಾಡಿದ್ದಾರೆ, ಹೋಗು," ಅಂದರು.

ಮಾಳಿಗೆಯ ಈ ತುದಿಯಲ್ಲಿ ನಿಂತು ಹಾಡಿದೆ. ಇಳಿಯುವಾಗ ಸೀಟಿ ತಿರುವಿನಲ್ಲಿ ಕಾದಿದ್ದ. "ಕೋಪಾನಾ?" ಅಂದ. "ಕೋಪ ಇಲ್ಲ. ನಮ್ಮನೆಯವರಿಗೆ ಹೇಳಿದೀನಿ," ಅಂದೆ. "ನಾನು ಹಾಡೋಕೆ ಬರ್ಲಾ ಬೇಡ್ವಾ?" ಅಂತ ಸಣ್ಣ ದನಿಯಲ್ಲಿ ಕೇಳಿದ. ಬಾ, ಮೊದಲ ಸ್ವರಕ್ಕೆ ಬೇರೆ ಯಾರಿದ್ದಾರೆ ಅಂದೆ. ಸರಿದು ದಾರಿ ಬಿಟ್ಟ.

ಮೈ ಇನ್ನೂ ಮಾತು ಕೇಳುವುದಿಲ್ಲ. ಅವನ ಪಕ್ಕ ದಾಟುವಾಗ ಜುಮ್ಮೆಂದಿತು. ಎದೆ ಗಟ್ಟಿ ಮಾಡಿಕೊಂಡು ಇಳಿದೆ.

ಅಕ್ಟೋಬರ್ 8, ಭಾನುವಾರ

ಇವರು ಕೊನೆಯ ಬೆಂಚಿನಲ್ಲಿ, ಬಾಗಿಲ ಹತ್ತಿರ ಕೂತರು. ಬರುವಾಗ ದಾರಿಯಲ್ಲಿ, ನಾನು ಕೇಳದೆಯೇ, "ಅವನು ಮುಂದೆ ಕೂತಿದ್ದ. ಪ್ರಾರ್ಥನೆ ಪೂರ್ತಿ ಅವನ ಕತ್ತಿನ ಹಿಂಭಾಗ ನೋಡ್ತಾ ಇದ್ದೆ. ಎರಡು ಬಾರಿಸಬೇಕು ಅಂತ," ಅಂದರು. ಸ್ವಲ್ಪ ಹೊತ್ತಿನ ಮೇಲೆ, "ನಿನ್ನ ಮೇಲಿನ ಕೋಪನೂ ಅವನ ಕತ್ತಿಗೇ ಹೋಯ್ತು ಅನ್ಸುತ್ತೆ," ಅಂದರು.

ಅದು ತಮಾಷೆಯೋ ಅಲ್ಲವೋ ಗೊತ್ತಾಗಲಿಲ್ಲ. ಅಂತೂ ಒಂದು ವಾಕ್ಯಕ್ಕಿಂತ ಜಾಸ್ತಿ ಮಾತಾಡಿದರು.

ಅಕ್ಟೋಬರ್ 11, ಬುಧವಾರ

ಸಂಜೆ ಕೆಳಗಿಂದ ಕೂಗಿದರು. ಮೇಷ್ಟ್ರ ಕುರ್ಚಿಗೆ ಬಟ್ಟೆ ಎಳೆದು ಹಿಡಿಯಲು ಇನ್ನೊಂದು ಜೊತೆ ಕೈ ಬೇಕಿತ್ತು. ಮದುವೆಯಾದ ಹೊಸದರಲ್ಲಿ ದಿನಾ ಹಿಡಿಯುತ್ತಿದ್ದೆ. ಆಮೇಲೆ ಅಂಗಡಿಯ ಕೆಲಸ, ಮಗಳು, ಹೇಗೋ ತಪ್ಪಿಹೋಯಿತು.

ಹಸಿರು ಬಟ್ಟೆ. "ಅಂಚಿನಲ್ಲಿ ಹಿಡಿ, ಎಳೀಬೇಡ, ಸುಮ್ನೆ ಭಾರ ಬಿಡು," ಅಂದರು. ನನ್ನ ಬೆರಳಿನ ಪಕ್ಕದಲ್ಲೇ ಮೊಳೆ ಹೊಡೆಯುತ್ತಾರೆ, ಒಂದು ಸಲವೂ ತಾಕಿಸಿಲ್ಲ ಇಷ್ಟು ವರ್ಷದಲ್ಲಿ. ಅವರ ಬಲಗೈಯ ಹೆಬ್ಬೆರಳು ಚಪ್ಪಟೆಯಾಗಿದೆ. ಕತ್ತಿನ ಹತ್ತಿರ ಹತ್ತಿಯ ಎಳೆ ಅಂಟಿಕೊಂಡಿತ್ತು. ತೆಗೆದೆ. ಅವರು ಸುತ್ತಿಗೆ ನಿಲ್ಲಿಸಿ ನನ್ನ ಕೈ ವಾಪಸು ಹೋಗುವವರೆಗೆ ಕಾದರು. ತಳ್ಳಲಿಲ್ಲ.

ಸ್ಪ್ರಿಂಗು ಹೊಸದು ಹಾಕಿದ್ದಾರೆ, ಮೇಷ್ಟ್ರ ಬೆನ್ನು ಎಡಕ್ಕೆ ವಾಲುತ್ತದೆಂದು ಆ ಕಡೆ ಫೋಮು ಜಾಸ್ತಿ ಕೊಟ್ಟಿದ್ದಾರೆ. ಮೇಷ್ಟ್ರ ಮನೆಗೆ ಹೋಗಿ ಅಳತೆ ತೆಗೆದು ಬಂದರಂತೆ. ಯಾವಾಗ ಹೋಗಿದ್ದರೋ. ಹತ್ತಿಯ ಧೂಳಿಗೆ ಮೂರು ಸಲ ಸೀನಿದರು. ಯಾವಾಗಲೂ ಮೂರೇ.

ಅಕ್ಟೋಬರ್ 14, ಶನಿವಾರ

ಮೇಷ್ಟ್ರನ್ನು ವ್ಯಾನಿನಲ್ಲಿ ಚರ್ಚಿನ ಮುಂದಕ್ಕೆ ತಂದರು. ಕುರ್ಚಿಯಲ್ಲೇ ಕೂರಿಸಿ ಮೆಟ್ಟಿಲು ಹತ್ತಿಸಬೇಕು. ಇವರು ಒಂದು ಕಡೆ ಹಿಡಿದರು. ಇನ್ನೊಂದು ಕಡೆಗೆ ಜನ ಬೇಕು. ಉಳಿದವರಿಗೆಲ್ಲ ಸೊಂಟ ನೋವು, ಮಂಡಿ ನೋವು. ಕೆಳಗೆ ನಿಂತಿದ್ದವರಲ್ಲಿ ಗಟ್ಟಿಮುಟ್ಟಾಗಿದ್ದವನು ಸೀಟಿ ಒಬ್ಬನೇ. ಅವನು ಜಾಗದಿಂದ ಕದಲಲಿಲ್ಲ. ಇವರ ಮುಖ ನೋಡುತ್ತಾ ನಿಂತ.

ನಾನು ಕೈಯಲ್ಲಿದ್ದ ಹಾಡಿನ ಹಾಳೆಯನ್ನು ಸುರುಳಿ ಸುತ್ತಿದೆ.

ಇವರು ಅವನ ಕಡೆ ತಿರುಗಿ, "ಬನ್ನಿ, ಆ ಕಡೆ ಹಿಡ್ಕೊಳ್ಳಿ. ಒಂದೇ ಸಮ ಎತ್ತಬೇಕು, ಮೇಷ್ಟ್ರು ವಾಲಬಾರದು," ಅಂದರು.

ಎತ್ತಿದರು. ಪ್ರತಿ ಮೆಟ್ಟಿಲಿಗೂ ಇವರು "ಹೂಂ" ಅನ್ನುತ್ತಿದ್ದರು, ಅವನು ಆ ಹೂಂಗೆ ಹೆಜ್ಜೆ ಇಡುತ್ತಿದ್ದ. ಮೇಷ್ಟ್ರು ನಡುವೆ ರಾಜನ ಹಾಗೆ ಕೂತು, "ಹುಷಾರು ಕಣ್ರೋ, ಎಂಬತ್ತು ವರ್ಷದ ಸಾಮಾನು," ಅಂದರು. ಒಳಗೆ ಇಳಿಸಿದ ಮೇಲೆ ಇಬ್ಬರಿಗೂ ಏದುಸಿರು. ಸೀಟಿ ಕೈ ಮುಗಿದ. ಏನೋ ಹೇಳಲು ಹೋದ. ಇವರು ಕೈ ಅಡ್ಡ ತೋರಿಸಿ, "ಮೇಲೆ ಹೋಗಿ, ಕಾಯ್ತಿದ್ದಾರೆ," ಅಂದರು. ಕ್ಷಮಿಸಿದ್ದೇನೆ ಅಂತ ಅನ್ನಲಿಲ್ಲ. ಅವನ ಕೈ ಹಿಡಿಯಲೂ ಇಲ್ಲ.

ಹಾಡಿದೆವು. ಮೇಷ್ಟ್ರು ಕಣ್ಣು ಮುಚ್ಚಿ ಕುರ್ಚಿಯ ಕೈ ಮೇಲೆ ತಾಳ ಹಾಕಿದರು. ಮುಗಿದ ಮೇಲೆ, "ಎರಡನೇ ಸ್ವರ ಚೆನ್ನಾಗಿತ್ತು. ಮೊದಲನೇದು ಸ್ವಲ್ಪ ಅಳ್ತಿತ್ತು," ಅಂದರು.

ಸೀಟಿ ಸಂಜೆಯ ಗಾಡಿಗೆ ಹೋದನೆಂದು ಪಾಸ್ಟರಮ್ಮ ಹೇಳಿದರು. ಹೂಂ ಅಂದೆ. ಇವರು ಸರಿಯಾಗಿ ಊಟ ಮಾಡಿರಲಿಲ್ಲ, ಎತ್ತಿದ ತೋಳು ನೋಯುತ್ತಿತ್ತು. ಎಣ್ಣೆ ಬಿಸಿ ಮಾಡಿ ಹಚ್ಚಿದೆ. ಸುಮ್ಮನೆ ಹಚ್ಚಿಸಿಕೊಂಡರು.

ಅಕ್ಟೋಬರ್ 15, ಭಾನುವಾರ

ಮಧ್ಯಾಹ್ನ ಊಟವಾದ ಮೇಲೆ ಇವರು ಕೆಳಗೆ ಹೋಗಲಿಲ್ಲ. ಕಿಟಕಿಯ ಹತ್ತಿರ ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಡೆಗೆ ಅಂದರು:

"ನಾನು ನಿನ್ನನ್ನ ನೋಡಿದ್ದು ನಿನ್ನ ಇಪ್ಪತ್ನಾಲ್ಕನೇ ವಯಸ್ಸಲ್ಲಿ. ಅದಕ್ಕೆ ಮುಂಚಿನದು ಅವನ ಹತ್ರ ಇದೆ, ನನ್ನ ಹತ್ರ ಇಲ್ಲ. ಅದೇ ನನಗೆ ಎಲ್ಲಕ್ಕಿಂತ ಹೊಟ್ಟೆಕಿಚ್ಚು. ಹೇಗಿದ್ದೆ ಆಗ? ಹೇಳು."

ಎಲ್ಲಿಂದ ಶುರು ಮಾಡಬೇಕೆಂದು ತೋಚಲಿಲ್ಲ. ಎರಡು ಜಡೆ ಅಂದೆ. ಒಂದೇ ಒಳ್ಳೇ ಬಟ್ಟೆ, ಪ್ರತಿ ಭಾನುವಾರ ಅದೇ, ಶನಿವಾರ ಒಗೆದು ಒಣಗದಿದ್ದರೆ ಒದ್ದೆಯಲ್ಲೇ ಹಾಕಿಕೊಂಡು ಹೋಗುತ್ತಿದ್ದೆ. ಅಪ್ಪನ ಹೆಜ್ಜೆ ಸಪ್ಪಳ ಕೇಳಿದರೆ ಪುಸ್ತಕ ತಲೆಕೆಳಗಾಗಿ ಹಿಡಿದು ಓದುತ್ತಿದ್ದೆ. ಅಕ್ಕನ ಮದುವೆಯ ದಿನ ಸೌದೆ ಕೊಟ್ಟಿಗೆಯಲ್ಲಿ ಅಡಗಿ ಅತ್ತಿದ್ದೆ. ಒಂದೊಂದಾಗಿ ಬಂತು. ಇವರು ನಡುನಡುವೆ ಕೇಳುತ್ತಿದ್ದರು. ಯಾವ ಬಣ್ಣದ ಬಟ್ಟೆ? ಯಾಕೆ ಅತ್ತೆ? ಅಪ್ಪ ಹೊಡೀತಿದ್ರಾ? ಹಿಂದೆ ಯಾರೂ ಇದನ್ನೆಲ್ಲ ಕೇಳಿರಲಿಲ್ಲ. ನಾನೂ ಇವರ ಹತ್ತೊಂಬತ್ತನ್ನು ಕೇಳಿಲ್ಲ. ಕೇಳಿದೆ. ಆಗ ಇವರು ಒಂದು ಅಂಗಡಿಯ ಹಿತ್ತಲಲ್ಲಿ ಹಾಸಿಗೆಗೆ ಹತ್ತಿ ತುಂಬುತ್ತಿದ್ದರಂತೆ, ಮೂಗು ಸದಾ ಸೋರುತ್ತಿತ್ತಂತೆ.

ಇಬ್ಬರ ನಗು ನಿಂತ ಮೇಲೆ, "ಆ ಹುಡುಗಿ ಆಗ ನನ್ನನ್ನ ನೋಡಿದ್ರೆ ಏನಂತಿದ್ಲು?" ಅಂದರು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ತಿರುಗಿಯೂ ನೋಡ್ತಿರಲಿಲ್ಲ ರೀ," ಅಂದೆ.

ಇವರು ಎದ್ದು, ದಿಂಬು ತರಲು ಕೆಳಗಿಳಿಯುತ್ತಾ, ಮೆಟ್ಟಿಲಿನಿಂದಲೇ ಅಂದರು:

"ಹಾಗಾದ್ರೆ ನಾನು ತಡವಾಗಿ ಬಂದಿದ್ದೇ ಒಳ್ಳೇದಾಯ್ತು."